ಮೋಟರ್ ಕೊಟ್ಟಿರಿ, ತೊಳೆಯೋಕೆ ನೀರು?

ರಾಣೆಬೆನ್ನೂರಿನವನಿಗೆ ಕಡಲಿನ ಉಸಾಬರಿ ಯಾಕಪ್ಪಾ ಅಂತ ಕೇಳಬಹುದು. ಹಾವೇರಿ ಜಿಲ್ಲೆಗೆ ಸಮುದ್ರ ಇಲ್ಲ, ನಿಜ. ಆದರೆ ತುಂಗಭದ್ರೆ ಇದ್ದಾಳಲ್ಲ! ಅಂಬಿಗರ ಚೌಡಯ್ಯನ ಚೌಡಯ್ಯದಾನಪುರ ನಮ್ಮ ತಾಲ್ಲೂಕಿನದೇ.

ಹೋದ ತಿಂಗಳು ಹೊಳೆದಂಡೆಯ ಪರಿಚಯದವರೊಬ್ಬರು ಕರಾವಳಿಯಿಂದ ಸೆಕೆಂಡ್ ಹ್ಯಾಂಡ್ ಔಟ್‌ಬೋರ್ಡ್ ಮೋಟರ್ ತಂದರು. ಹೊರಗೆ ಹೊಸ ಪೇಂಟು, ಫಳಫಳ. ಬಿಚ್ಚಿದರೆ ನೀರು ಹರಿಯುವ ದಾರಿಯೆಲ್ಲ ಉಪ್ಪು ಕಟ್ಟಿದೆ, ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತಿದೆ. ಸ್ಟೀಲ್ ಬೋಲ್ಟ್ ತಿರುಗಿಸಿದರೆ ತಲೆಯೇ ಮುರಿದು ಕೈಗೆ ಬಂತು. "ಆ ಮಂದಿ ಮೋಟರ್ ತೊಳಿಯಂಗೇ ಇಲ್ಲೇನ್ರೀ?" ಅಂತ ಬೈದದ್ದೇ ಬೈದದ್ದು.

ಇಲ್ಲೇ ನನ್ನ ತಕರಾರು. (ಬ್ಯಾಡಗಿ ಕಡೆ ಮೆಣಸಿನಗಿಡಕ್ಕೆ ಔಷಧ ಹೊಡೆದ ಪಂಪನ್ನು ತೊಳೆಯದೆ ಮೂಲೆಗಿಡುವ ನಾವು ಇನ್ನೊಬ್ಬರಿಗೆ ಬೈಯೋದಾ?)

ಈ ಮೋಟರಿಗೆ ರೇಡಿಯೇಟರ್ ಇಲ್ಲ. ದೋಣಿ ತೇಲುವ ನೀರನ್ನೇ ಹೀರಿ ತಣ್ಣಗಾಗುತ್ತದೆ. ಕಡಲಿನ ಒಂದು ಲೀಟರ್ ನೀರಲ್ಲಿ ಸುಮಾರು 35 ಗ್ರಾಂ ಉಪ್ಪು. ಎಂಜಿನ್ ನಿಂತ ಮೇಲೆ ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಸ್ಟೀಲೂ ಅಲ್ಯೂಮಿನಿಯಮ್ಮೂ ತಾಗಿಕೊಂಡು ಉಪ್ಪುನೀರಲ್ಲಿ ನೆನೆದರೆ ಅದೊಂದು ಬ್ಯಾಟರಿಯೇ, ಸವೆಯುವುದು ಅಲ್ಯೂಮಿನಿಯಂ. ಅದರ ಬದಲು ತಾನು ಸವೆಯಲಿ ಅಂತ ಸತುವಿನ ತುಂಡೊಂದನ್ನು, ಅಂದರೆ ಆನೋಡ್, ಕೂರಿಸಿರುತ್ತಾರೆ. ಅದಕ್ಕೂ ಪೇಂಟ್ ಬಳಿಯುವ ಪುಣ್ಯಾತ್ಮರಿದ್ದಾರೆ! ಪೇಂಟ್ ಬಿತ್ತೋ, ಅದು ಇದ್ದೂ ಇಲ್ಲದ ಹಾಗೆ.

ಒಳಗಿನ ಉಪ್ಪಿಗೆ ಮದ್ದು ದೊಡ್ಡದೇನಲ್ಲ. ಡ್ರಮ್ಮಿಗೆ ಸಿಹಿನೀರು ತುಂಬಿ, ಮೋಟರಿನ ಕಾಲು ಮುಳುಗಿಸಿ, ಗೇರ್ ಹಾಕದೆ ಹತ್ತು ಹದಿನೈದು ನಿಮಿಷ ಓಡಿಸಬೇಕು. ನೀರಿಲ್ಲದೆ ಮಾತ್ರ ಓಡಿಸಬಾರದು, ಪಂಪಿನ ರಬ್ಬರ್ ರೆಕ್ಕೆ ಹಾಳಾಗುತ್ತದೆ.

ಆದರೆ ಸಿಹಿನೀರು ಎಲ್ಲಿದೆ ಸ್ವಾಮಿ? ಬೇಸಿಗೆಯಲ್ಲಿ ಕರಾವಳಿಯ ಎಷ್ಟೋ ಬಾವಿಗಳಿಗೆ ಉಪ್ಪು ನುಗ್ಗುತ್ತದೆ. ಕುಡಿಯೋಕೇ ಕೊಡದಲ್ಲಿ ಹೊತ್ತು ತರುವ ಮನೆಯವರು ಮೋಟರಿಗೆ ದಿನಾ ಒಂದು ಡ್ರಮ್ ಎಲ್ಲಿಂದ ತಂದಾರು? ನಾಡದೋಣಿಯವರಿಗೆ ಮೋಟರ್ ಕೊಳ್ಳಲು ಸಹಾಯಧನದ ಯೋಜನೆಗಳಿವೆ, ಒಳ್ಳೆಯದೇ. ಅದರ ಜೊತೆಗೇ ದೋಣಿ ಎಳೆದು ನಿಲ್ಲಿಸುವ ದಡಗಳಲ್ಲಿ ಒಂದು ನಲ್ಲಿ, ಎರಡು ಡ್ರಮ್ಮು ಇಡಿಸಿ ಅನ್ನುವುದಷ್ಟೇ ನನ್ನ ಮಾತು. ಕೊಟ್ಟ ದುಡ್ಡು ಅಷ್ಟು ಬೇಗ ಬಿಳಿ ಪುಡಿಯಾಗಲ್ಲ. ಏನಂತೀರಿ?

ಅಂದಹಾಗೆ, ನಮ್ಮವರಿಗೆ ಹೊಳೆಗೆ ಇಳಿಸೋ ಮುಂಚೆ ಮೆಗ್ನೀಷಿಯಂ ಆನೋಡ್ ಹಾಕಿಸಿ ಅಂದಿದ್ದೇನೆ, ಸಿಹಿನೀರಲ್ಲಿ ಸತು ಅಷ್ಟಾಗಿ ಕೆಲಸ ಮಾಡಲ್ಲ. ಮುರಿದ ಬೋಲ್ಟು ಇನ್ನೂ ಒಳಗೇ ಇದೆ...