ಕತ್ತಲೆಯ ಮೆಟ್ಟಿಲಿಗೆ ಎಷ್ಟು ಬೆಳಕು?

ದೀಪವನ್ನು ಹಚ್ಚುವುದು ಸುಲಭ. ಎಷ್ಟು ಉರಿಸಬೇಕೆಂಬುದನ್ನು ಅರಿಯುವುದೇ ಕಷ್ಟ. ಲಾಂದ್ರದ ಕಾಲದ ಗೃಹಿಣಿಗೆ ಈ ವಿದ್ಯೆ ಕರಗತವಾಗಿತ್ತು. ಬತ್ತಿ ಹೆಚ್ಚಿದರೆ ಗಾಜು ಮಸಿ ಹಿಡಿಯುತ್ತಿತ್ತು. ತಗ್ಗಿದರೆ ಓದುವ ಮಕ್ಕಳಿಗೆ ಅಕ್ಷರ ಕಾಣುತ್ತಿರಲಿಲ್ಲ. ಇವೆರಡರ ನಡುವಣ ಹದವನ್ನು ಆಕೆಯ ಬೆರಳು ತಾನಾಗಿಯೇ ಬಲ್ಲದಾಗಿತ್ತು. ಆ ಹದವೇ ಇಂದು ವಿದ್ಯುತ್ ವಾದ್ಯಗಳ ಕೊರಳಿನ ಮೇಲೆ ಮತ್ತೆ ಬೇಕಾಗಿದೆ ಎಂದರೆ ಓದುಗರು ಸೋಜಿಗಪಡಬೇಕಾಗಿಲ್ಲ.

ಬಸವಕಲ್ಯಾಣ ತಾಲ್ಲೂಕಿನ ಮಂಠಾಳದಂಥ ಊರಿನಲ್ಲಿ ಜಾತ್ರೆಯ ರಾತ್ರಿ ರಸಮಂಜರಿ ನಡೆಯುತ್ತಿದೆಯೆಂದು ಊಹಿಸಿಕೊಳ್ಳೋಣ. ವೇದಿಕೆಯ ಹಿಂಬದಿಯಲ್ಲಿ ತರುಣನೊಬ್ಬ ಬೇಸ್ ಗಿಟಾರನ್ನು ಹೆಗಲಿಗೇರಿಸಿ ನಿಂತಿದ್ದಾನೆ. ಹಾಡುವವರ ಮೇಲೆ ಬಣ್ಣದ ಬೆಳಕು; ಅವನ ಮೇಲೆ ಕತ್ತಲೆ. ವಾದ್ಯದ ನಾಲ್ಕು ದಪ್ಪ ತಂತಿಗಳಲ್ಲಿ ಅತಿ ಮಂದ್ರವಾದದ್ದು ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಇಡೀ ಮೇಳ ನಿಂತಿರುವುದು ಆ ನಾದದ ತಳಪಾಯದ ಮೇಲೆ. ಬೆರಳು ಒಂದು ಮೆಟ್ಟಿಲು ಆಚೀಚೆಯಾದರೆ ಸ್ವರ ಅರ್ಧದಷ್ಟು ಜಾರುತ್ತದೆ. ಗಾಯಕನದು ತಪ್ಪಿಲ್ಲದಿದ್ದರೂ ಹಾಡು ಅಪಸ್ವರವೆನಿಸುತ್ತದೆ. ತಪ್ಪು ಯಾರದೆಂದು ಸಭಿಕರಿಗೆ ತಿಳಿಯದಿದ್ದರೂ ಮೇಳದ ಯಜಮಾನನಿಗೆ ತಿಳಿಯುತ್ತದೆ. ಮುಂದಿನ ಜಾತ್ರೆಗೆ ಅವನಿಗೆ ಕರೆ ಬರುವುದೋ ಇಲ್ಲವೋ ಎಂಬುದು ಆ ಒಂದು ಮೆಟ್ಟಿಲನ್ನು ಅವಲಂಬಿಸಿದೆ.

ಮೆಟ್ಟಿಲಿನ ಚಿಂತೆ ಆ ನಾಡಿಗೆ ಹೊಸದಲ್ಲ. ಚಾಲುಕ್ಯರ ರಾಜಧಾನಿಯಾಗಿದ್ದ ಕಲ್ಯಾಣದಲ್ಲಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಗೀತಕ್ಕೂ ವಾದ್ಯಕ್ಕೂ ಬೇರೆ ಬೇರೆ ಪ್ರಕರಣಗಳಿವೆ. ಅದೇ ಶತಮಾನದಲ್ಲಿ ಬಸವಣ್ಣನವರ ಸಮಕಾಲೀನರಾಗಿದ್ದ ಕಿನ್ನರಿ ಬೊಮ್ಮಯ್ಯನವರಿಗೆ ಆ ಹೆಸರು ಬಂದುದು ಅವರು ನುಡಿಸುತ್ತಿದ್ದ ಕಿನ್ನರಿಯಿಂದ. ಅದೂ ಮೆಟ್ಟಿಲುಗಳುಳ್ಳ ತಂತಿವಾದ್ಯವೇ. ಮುಂದೆ ದಕ್ಷಿಣದ ವೀಣೆಯಲ್ಲಿ 24 ಮೆಟ್ಟಿಲುಗಳು ಮೇಣದಲ್ಲಿ ನೆಲೆಗೊಂಡವು. ವೈಣಿಕನು ಕುಳಿತು ನುಡಿಸುತ್ತಾನೆ. ಮೆಟ್ಟಿಲುಗಳು ಅವನ ಕಣ್ಣಿಗೆ ನೇರವಾಗಿ ಕಾಣುತ್ತವೆ. ಅಮೆರಿಕದ ಲಿಯೋ ಫೆಂಡರನು 1951ರಲ್ಲಿ ಹೊರತಂದ ವಿದ್ಯುತ್ ಬೇಸಿನ ಕಥೆ ಬೇರೆ. ಅದನ್ನು ನಿಂತು ನುಡಿಸಬೇಕು. ಕೊರಳಿನ ಮುಖ ಸಭಿಕರ ಕಡೆಗೆ ತಿರುಗಿರುತ್ತದೆ; ನುಡಿಸುವವನಿಗೆ ಕಾಣುವುದು ಅದರ ಮೇಲಂಚು ಮಾತ್ರ. ತಂತಿಯ ಉದ್ದ 34 ಅಂಗುಲ. ಮೊದಲನೆಯ ಮೆಟ್ಟಿಲಿನ ಅಂತರ ಹತ್ತಿರ ಹತ್ತಿರ ಎರಡು ಅಂಗುಲವಿದ್ದರೆ ಹನ್ನೆರಡನೆಯದರ ಹೊತ್ತಿಗೆ ಅದು ಒಂದಂಗುಲಕ್ಕೆ ಇಳಿದಿರುತ್ತದೆ. ಅಳತೆ ಎಲ್ಲೆಡೆಯೂ ಒಂದೇ ಅಲ್ಲವಾದ್ದರಿಂದ ಗುರುತಿನ ಚುಕ್ಕೆಗಳು ಬೇಕು. ಕತ್ತಲೆಯಲ್ಲಿ ಚುಕ್ಕೆಗಳಿಗೆ ದೀಪ ಬೇಕು.

ಹೀಗೆ ಹುಟ್ಟಿದವು ಮೆಟ್ಟಿಲು ದೀಪಗಳು. 3, 5, 7, 9ನೆಯ ಮನೆಗಳಲ್ಲಿ ಒಂದೊಂದು, 12ರಲ್ಲಿ ಎರಡು, ಮತ್ತೆ 15, 17, 19ರಲ್ಲಿ ಒಂದೊಂದು, ಒಟ್ಟು ಒಂಬತ್ತು ಎಲ್‌ಇಡಿ ದೀಪಗಳು. ಇವು ಹಳೆಯ ಬಲ್ಬುಗಳಂತಲ್ಲ. ಇಷ್ಟು ವೋಲ್ಟಿನವರೆಗೆ ಮಿಣುಕೆನ್ನವು. ಅದನ್ನು ದಾಟಿದೊಡನೆ ವಿದ್ಯುತ್ತು ಒಮ್ಮೆಲೆ ನುಗ್ಗುತ್ತದೆ. ಆದಕಾರಣ ತಡೆಯಬೇಕಾದದ್ದು ವೋಲ್ಟನ್ನಲ್ಲ, ಪ್ರವಾಹವನ್ನು. ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟು ಸಾಕು. 9 ವೋಲ್ಟಿನ ಬ್ಯಾಟರಿಯಲ್ಲಿ ಮಿಕ್ಕ 7 ವೋಲ್ಟನ್ನು ಒಂದು ರೋಧಕ ನುಂಗಿಕೊಳ್ಳಬೇಕು. 700 ಓಮಿನ ರೋಧಕವಾದರೆ 10 ಮಿಲಿಆಂಪಿಯರು ಹರಿಯುತ್ತದೆ; 7,000 ಓಮಿನದಾದರೆ ಒಂದೇ ಮಿಲಿಆಂಪಿಯರು.

ಪ್ರವಾಹ ಹತ್ತನೆಯ ಒಂದಕ್ಕೆ ಇಳಿಯಿತು. ಬೆಳಕೂ ಹತ್ತನೆಯ ಒಂದಾಗಿ ಕಾಣಬೇಡವೆ? ಹಾಗಾಗದು. ಮನುಷ್ಯನ ಕಣ್ಣಿಗೆ ಅದು ಸರಿಸುಮಾರು ಅರ್ಧಕ್ಕಿಳಿದಂತೆ ತೋರುತ್ತದೆ, ಅಷ್ಟೆ. ಅಮಾವಾಸ್ಯೆಯ ಇರುಳನ್ನೂ ನಡುಹಗಲನ್ನೂ ಒಂದೇ ಕಣ್ಣಿನಿಂದ ನೋಡಬೇಕಾದ್ದರಿಂದ ಪ್ರಕೃತಿ ಅದಕ್ಕೆ ಈ ಗುಣವನ್ನು ಕೊಟ್ಟಿದೆ. ಇದರಲ್ಲಿ ಲಾಭವೂ ಉಂಟು. ಒಂಬತ್ತು ದೀಪಗಳೂ ಪೂರ್ತಿ ಉರಿದರೆ ಚಿಕ್ಕ ಬ್ಯಾಟರಿ ನಾಲ್ಕೈದು ಗಂಟೆಗಳಲ್ಲಿ ಸೋಲುತ್ತದೆ, ಅಂದರೆ ಮಂಗಳ ಹಾಡುವ ಹೊತ್ತಿಗೆ ಕೈಕೊಡುತ್ತದೆ. ಬೆಳಕನ್ನು ತಗ್ಗಿಸಿದರೆ ಅದೇ ಬ್ಯಾಟರಿ ಹಲವು ರಾತ್ರಿಗಳಿಗೆ ಬರುತ್ತದೆ. ಕಣ್ಣು ಕಳೆದುಕೊಳ್ಳುವುದು ಮಾತ್ರ ಅಲ್ಪ.

ಬೆಳಕನ್ನು ತಗ್ಗಿಸಲು ಇನ್ನೊಂದು ಉಪಾಯವಿದೆ. ದೀಪವನ್ನು ಸೆಕೆಂಡಿಗೆ ನೂರಾರು ಸಲ ಹೊತ್ತಿಸಿ ಆರಿಸುವುದು. ಹೊತ್ತಿರುವ ಕಾಲ ಕಡಮೆಯಾದಷ್ಟೂ ಬೆಳಕು ಮಂದವೆನಿಸುತ್ತದೆ. ಈ ಆಟ ಕಣ್ಣಿಗೆ ತಿಳಿಯದು. ಆದರೆ ವಾದ್ಯದ ಕಿವಿಗೆ ತಿಳಿಯುತ್ತದೆ! ತಂತಿಯ ಕೆಳಗಿರುವ ಪಿಕಪ್ ಎಂಬುದು ಅಯಸ್ಕಾಂತದ ಸುತ್ತ ಸುತ್ತಿದ ತಾಮ್ರದ ಸುರುಳಿ. ಸಮೀಪದಲ್ಲಿ ಸೆಕೆಂಡಿಗೆ 500 ಸಲ ಕಡಿದು ಕಡಿದು ಹರಿಯುವ ಪ್ರವಾಹವಿದ್ದರೆ ಅದನ್ನೂ ಸ್ವರವೆಂದು ಬಗೆದು ಧ್ವನಿವರ್ಧಕಕ್ಕೆ ಕಳುಹಿಸುತ್ತದೆ. ದೀಪ ಹೊತ್ತಿಸಿದೊಡನೆ ಸೊಳ್ಳೆಯಂಥ ಗುಂಯ್‌ಗುಟ್ಟುವಿಕೆ ಸಭೆಯನ್ನೆಲ್ಲ ತುಂಬುತ್ತದೆ. ದೀಪ ತಗ್ಗಿಸಲು ಹೋದವನು ಹಾಡನ್ನೇ ಕೆಡಿಸಿದಂತಾಗುತ್ತದೆ.

ಪರಿಹಾರ ಕಷ್ಟವಲ್ಲ. ಮನುಷ್ಯನ ಕಿವಿಯ ಎಲ್ಲೆ 20,000 ಕಂಪನಗಳು. ಕಡಿತದ ವೇಗ ಅದನ್ನು ಮೀರಿದರೆ ಗುಂಯ್‌ಕಾರ ಕೇಳಿಸದು. ದೀಪಕ್ಕೆ ಹೋಗುವ ಮತ್ತು ಬರುವ ತಂತಿಗಳನ್ನು ಹುರಿಗೊಳಿಸಿ ಪಿಕಪ್ಪಿನಿಂದ ದೂರ ಒಯ್ಯಬೇಕು; ದೀಪಕ್ಕೆ ಪ್ರತ್ಯೇಕ ಬ್ಯಾಟರಿಯಿಡಬೇಕು. ಅಥವಾ ಈ ಚಮತ್ಕಾರಗಳ ಗೋಜೇ ಬೇಡವೆಂದು ಮೊದಲು ಹೇಳಿದ ರೋಧಕಕ್ಕೇ ಶರಣಾಗಬೇಕು. ನೇರವಾಗಿ ಹರಿಯುವ ಪ್ರವಾಹ ಮೌನವಾಗಿಯೇ ಇರುತ್ತದೆ.

ಇಷ್ಟಾದ ಮೇಲೂ ಮುಖ್ಯ ಪ್ರಶ್ನೆ ಉಳಿಯಿತು: ಎಷ್ಟು ಬೆಳಕು? ಇದಕ್ಕೆ ಉತ್ತರ ದೊರೆಯಬೇಕಾದರೆ, ಬೆಳಕು ಯಾರಿಗಾಗಿ ಎಂದು ಮೊದಲು ಕೇಳಿಕೊಳ್ಳಬೇಕು. ಕೊರಳಿನ ಮುಖದ ಮೇಲಿರುವ ದೀಪಗಳು ಸಭಿಕರ ಕಣ್ಣಿಗೆ ಹಬ್ಬ. ಮೇಲಂಚಿನಲ್ಲಿರುವ ಸಣ್ಣ ಚುಕ್ಕೆಗಳು ವಾದಕನಿಗೆ ದಾರಿದೀಪ. ಮೊದಲನೆಯವು ಪ್ರಖರವಾಗಿದ್ದರೂ ನಡೆದೀತು. ಎರಡನೆಯವು ಹಾಗಾದರೆ ಅನರ್ಥ. ಕತ್ತಲೆಗೆ ಪೂರ್ಣವಾಗಿ ಹೊಂದಿಕೊಳ್ಳಲು ಕಣ್ಣಿಗೆ ಅರ್ಧ ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ತೀಕ್ಷ್ಣವಾದ ನೀಲಿ ಬೆಳಕು ಆ ಸಿದ್ಧಿಯನ್ನು ಕ್ಷಣದಲ್ಲಿ ಕೆಡಿಸುತ್ತದೆ. ಚುಕ್ಕೆ ಕಂಡೀತು, ಪಕ್ಕದ ಬೆರಳೂ ತಂತಿಯೂ ಕಾಣದಾಗುವುವು. ಕೆಂಪು ಬೆಳಕಿಗೆ ಇರುಳಿನ ದೃಷ್ಟಿಯ ತಂತುಗಳು ಅಷ್ಟಾಗಿ ಬೆದರುವುದಿಲ್ಲ. ಆದ್ದರಿಂದ ವಾದಕನ ಕಡೆಗೆ ಕೆಂಪು ಲೇಸು, ಅದೂ ಮಂದವಾದದ್ದು. ಸಭೆಯ ಕಡೆಯ ದೀಪಕ್ಕೂ ತನ್ನ ಕಡೆಯ ದೀಪಕ್ಕೂ ಬೇರೆ ಬೇರೆ ತಿರುಪುಗಳಿದ್ದರೆ ಇನ್ನೂ ಒಳ್ಳೆಯದು.

ಹದವನ್ನು ಕಾಣುವ ಕ್ರಮ ಹೀಗೆ: ಮನೆಯ ಬೆಳಕಿನಲ್ಲಿ ತಿರುಪನ್ನು ಹೊಂದಿಸಬಾರದು. ವೇದಿಕೆಯ ಕತ್ತಲೆಯಲ್ಲಿಯೇ ಹತ್ತು ನಿಮಿಷ ನಿಂತು, ದೀಪವನ್ನು ಪೂರ್ತಿ ಆರಿಸಿ, ಅನಂತರ ಮೆಲ್ಲನೆ ಏರಿಸುತ್ತ ಹೋಗಬೇಕು. ಚುಕ್ಕೆ ಕಂಡೂ ಕಾಣದಂತಿರುವ ಘಟ್ಟದಿಂದ ತುಸು ಮೇಲಕ್ಕೆ ನಿಲ್ಲಿಸಬೇಕು. ವೇದಿಕೆಯ ದೊಡ್ಡ ದೀಪಗಳು ತನ್ನ ಮೇಲೆ ಬಿದ್ದಾಗ ಚುಕ್ಕೆಗಳು ಮಾಸಿಹೋಗುತ್ತವಲ್ಲ ಎಂಬ ಅಳುಕು ಬೇಡ. ಆಗ ಮೆಟ್ಟಿಲುಗಳೇ ಕಾಣುವಾಗ ದೀಪದ ಹಂಗೇಕೆ?

ಮಂಠಾಳದ ಆ ತರುಣ ಇಷ್ಟು ಮಾಡಿಕೊಂಡರೆ ಬೆಳಗಿನ ಜಾವದ ಕಡೆಯ ಹಾಡಿನವರೆಗೆ ಅವನ ಬೆರಳು ತಡಬಡಿಸದು. ವರ್ಷಗಳು ಉರುಳಿದಂತೆ ಮೆಟ್ಟಿಲುಗಳ ಅಂತರ ಬೆರಳಿಗೇ ನೆಲೆಯಾಗುತ್ತದೆ. ಅಂದು ತಿರುಪು ತಾನಾಗಿಯೇ ಕೆಳಗಿಳಿಯುತ್ತದೆ. ಅಲ್ಲಿಯವರೆಗೆ ಲಾಂದ್ರದ ಬತ್ತಿಯನ್ನು ಹದವರಿತು ಏರಿಸುತ್ತಿದ್ದ ಅಜ್ಜಿಯ ವಿವೇಕವೇ ಅವನಿಗೂ ಸಾಕು.