ಚಿತ್ತಿನಿಂದ ಚಿತ್ತಾರ

ಮನುಷ್ಯನಿಗೆ ರಬ್ಬರಿನ ಮೇಲಿರುವ ವಿಶ್ವಾಸ ಬಹು ದೊಡ್ಡದು. ಶಾಲೆಗೆ ಸೇರಿದ ಮೊದಲ ವರ್ಷದಲ್ಲಿಯೇ ಸೀಸದಕಡ್ಡಿಯೊಡನೆ ಅದೂ ಕೈಗೆ ಬರುತ್ತದೆ. ತಪ್ಪಾದರೆ ಅಳಿಸಬಹುದೆಂಬ ಧೈರ್ಯವೂ ಅದರ ಬೆನ್ನಿಗೇ ಬರುತ್ತದೆ. ಅದಕ್ಕೆ ಹಿಂದಿನವರಿಗೆ ಸ್ಲೇಟು ಬಳಪಗಳಿದ್ದುವು. ಒದ್ದೆಬಟ್ಟೆಯ ಚೂರೊಂದಿದ್ದರೆ, ಅದೂ ಇಲ್ಲವಾದರೆ ಬರಿಯ ಅಂಗೈಯಿದ್ದರೆ ಸಾಕಾಗಿತ್ತು. ಅದಕ್ಕೂ ಹಿಂದಿನವರ ಲೆಕ್ಕಪತ್ರಗಳು ಕಡತಗಳಲ್ಲಿರುತ್ತಿದ್ದುವು. ಹುಣಿಸೆಬೀಜದ ಅಂಟನ್ನೂ ಇದ್ದಲ ಪುಡಿಯನ್ನೂ ಬಳಿದು ಕಪ್ಪಾಗಿಸಿದ ಬಟ್ಟೆಯ ಮೇಲೆ ಬಳಪದಿಂದ ಬರೆಯುವುದು, ಬೇಡವಾದಾಗ ಒರೆಸಿ ಮತ್ತೆ ಬರೆಯುವುದು ಆ ಕಾಲದ ಪದ್ಧತಿ. ಈ ಕಾಲದ ಗಣಕಯಂತ್ರವಂತೂ ಗುಂಡಿಯೊಂದನ್ನು ಒತ್ತಿದರೆ ಬರೆದ ಗೆರೆಯನ್ನು ಬರೆದೇ ಇಲ್ಲವೆಂಬಂತೆ ಮಾಯಮಾಡುತ್ತದೆ. ಇಷ್ಟೆಲ್ಲ ಸೌಕರ್ಯಗಳಲ್ಲಿ ಬೆಳೆದ ಕೈ, ಮಸಿಯಲ್ಲಿ ಅದ್ದಿದ ಲೇಖನಿಯನ್ನು ಹಿಡಿದು ಬಿಳಿಯ ಕಾಗದದ ಮುಂದೆ ನಿಂತಾಗ ನಡುಗಿದರೆ ಆಶ್ಚರ್ಯವೇನು?

ಈ ನಡುಕವನ್ನು ಬೇಕೆಂದೇ ತಂದುಕೊಳ್ಳುವ ಜನರೂ ಇದ್ದಾರೆ. ಅವರು ಹವ್ಯಾಸಿ ಚಿತ್ರಕಾರರು. ಬೆಂಗಳೂರಿನ ಉತ್ತರದ ಬಡಾವಣೆಗಳಲ್ಲಿ ಅವರಿಗೆ ವಸ್ತುವಿನ ಬರವಿಲ್ಲ. ಹೆಬ್ಬಾಳದ ಕೆರೆಯಲ್ಲಿ ಹೆಜ್ಜಾರ್ಲೆಗಳು ಕೊಕ್ಕು ತಗ್ಗಿಸಿ ತೇಲುತ್ತವೆ. ಯಲಹಂಕದ ಪುಟ್ಟೇನಹಳ್ಳಿಯ ಕೆರೆಯಲ್ಲಿ ಕೊಕ್ಕರೆಗಳು ಒಂಟಿಕಾಲಿನಲ್ಲಿ ತಪಸ್ಸು ಮಾಡುತ್ತವೆ. ಯಶವಂತಪುರದ ರೈಲುನಿಲ್ದಾಣದಲ್ಲಿ ಗಂಟುಮೂಟೆಗಳ ಮೇಲೆ ಒರಗಿ ನಿದ್ರಿಸುವವರು ಎಷ್ಟು ಹೊತ್ತು ಬೇಕಾದರೂ ಅಲುಗದೆ ಇರುತ್ತಾರೆ. ವಾರವೆಲ್ಲ ಕಚೇರಿಯಲ್ಲಿ ದುಡಿದವನಿಗೆ ಭಾನುವಾರದ ಬೆಳಗೊಂದು, ಗಟ್ಟಿಕಾಗದದ ಪುಸ್ತಕವೊಂದು, ಲೇಖನಿಯೊಂದು ಸಾಕು. ಆದರೆ ಮೊದಲ ಗೆರೆ ಕೆಟ್ಟಾಗ ಹಾಳೆಯನ್ನು ಹರಿದು ಮುದ್ದೆಮಾಡುವ ಬುದ್ಧಿ ಹುಟ್ಟುತ್ತದೆ. ಎರಡನೆಯ ಹಾಳೆಯೂ ಹರಿಯುತ್ತದೆ. ಮೂರನೆಯ ಭಾನುವಾರದ ಹೊತ್ತಿಗೆ ಪುಸ್ತಕ ಬೀರುವಿನ ಮೇಲಟ್ಟವನ್ನು ಸೇರಿರುತ್ತದೆ.

ಅಂಥವರಿಗೆ ಈ ಬಡಾವಣೆಗಳಲ್ಲೊಂದರ ಹೆಸರಿನಲ್ಲಿಯೇ ಸಮಾಧಾನವೊಂದು ಅಡಗಿದೆ. ಬಸ್ಸಿನ ಫಲಕದ ಮೇಲೆ ಸವೆದು ‘ಆರ್.ಟಿ. ನಗರ’ವಾಗಿರುವ ಆ ಹೆಸರು ಪೂರ್ಣರೂಪದಲ್ಲಿ ರವೀಂದ್ರನಾಥ ಠಾಗೋರ್ ನಗರ. ಕವಿ ರವೀಂದ್ರರನ್ನು ಅರಿಯದವರಿಲ್ಲ. ಚಿತ್ರಕಾರ ರವೀಂದ್ರರನ್ನು ಅರಿತವರು ಅಷ್ಟು ಮಂದಿಯಿರಲಾರರು. ಅವರು ಯಾವ ಕಲಾಶಾಲೆಯ ವಿದ್ಯಾರ್ಥಿಯೂ ಆಗಿರಲಿಲ್ಲ. ಕವಿತೆಯ ಹಸ್ತಪ್ರತಿಯಲ್ಲಿ ಬೇಡವಾದ ಪದಗಳನ್ನು ಹೊಡೆದುಹಾಕಿದಾಗ ಅಲ್ಲಲ್ಲಿ ಉಳಿಯುತ್ತಿದ್ದ ಚಿತ್ತುಗಳು ಅವರ ಕಣ್ಣಿಗೆ ಸಹನೀಯವಾಗಿರಲಿಲ್ಲ. ಒಂದು ಚಿತ್ತನ್ನು ಇನ್ನೊಂದಕ್ಕೆ ಗೆರೆಯಿಂದ ಬೆಸೆದರು. ಒಂದೆಡೆ ಕೊಕ್ಕು ಮೂಡಿತು, ಇನ್ನೊಂದೆಡೆ ಕಣ್ಣು. ಹೊಡೆದುಹಾಕಿದ ಸಾಲು ಹಕ್ಕಿಯಾಯಿತು. ಪ್ರಾಣಿಶಾಸ್ತ್ರದ ಯಾವ ಗ್ರಂಥಕ್ಕೂ ಸೇರದ ಮೃಗವಾಯಿತು. 1924ರಲ್ಲಿ ಅವರು ಅರ್ಜೆಂಟೀನಾದಲ್ಲಿ ವಿಕ್ಟೋರಿಯಾ ಒಕಾಂಪೊ ಎಂಬ ಲೇಖಕಿಯ ಅತಿಥಿಯಾಗಿದ್ದಾಗ ‘ಪೂರಬಿ’ಯ ಹಸ್ತಪ್ರತಿಯಲ್ಲಿದ್ದ ಈ ವಿಚಿತ್ರಸೃಷ್ಟಿ ಆಕೆಯ ಕಣ್ಣಿಗೆ ಬಿತ್ತು. 1928ರಲ್ಲಿ ಬೆಂಗಳೂರಿನಲ್ಲಿ ತಂಗಿ ‘ಶೇಷೇರ್ ಕವಿತಾ’ ಕಾದಂಬರಿಯನ್ನು ಮುಗಿಸಿದ ಕಾಲಕ್ಕೆ ಚಿತ್ರದ ಹುಚ್ಚು ಅವರನ್ನು ಚೆನ್ನಾಗಿಯೇ ಹಿಡಿದಿತ್ತು. 1930ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನಲ್ಲಿ ಅವರ ಚಿತ್ರಗಳ ಮೊದಲ ಪ್ರದರ್ಶನ ನಡೆಯಿತು. ಆಗ ಎಪ್ಪತ್ತು ತುಂಬುವುದಕ್ಕೆ ವರ್ಷವೊಂದು ಮಾತ್ರ ಉಳಿದಿತ್ತು. ಲೇಖನಿಯಷ್ಟೇ ಅಲ್ಲದೆ ಬಟ್ಟೆಯ ಚೂರು, ಬೆರಳತುದಿ ಇವುಗಳಿಂದಲೂ ಅವರು ಮಸಿಯನ್ನು ಹರಡುತ್ತಿದ್ದರು. ಅವರು ಬಿಟ್ಟುಹೋದ ಚಿತ್ರಗಳು 2,000ಕ್ಕೂ ಹೆಚ್ಚು.

ಆದರೆ ಚಿತ್ತು ಚಿತ್ತಾರವಾಗಬೇಕಾದರೆ ಮಸಿಯ ಸ್ವಭಾವವನ್ನು ಬಲ್ಲವನಾಗಿರಬೇಕು. ದೀಪದ ಕುಡಿಯ ಮೇಲೆ ಹಿಡಿದ ತಟ್ಟೆಗೆ ಅಂಟುವ ಕಾಡಿಗೆಯೇ ಕಪ್ಪುಮಸಿಯ ಮೂಲದ್ರವ್ಯ. ಓಲೆಗರಿಯ ಮೇಲೆ ಕಂಠದಿಂದ ಕೊರೆದ ಅಕ್ಷರಗಳನ್ನು ಕಣ್ಣಿಗೆ ಕಾಣಿಸಿದ್ದು ಅದೇ ಕಪ್ಪು. ಕಾಡಿಗೆಯನ್ನು ಗೋಂದಿನಲ್ಲಿ ಅರೆದರೆ ಹಿಂದಿನವರ ಮಸಿ. ಅರಗಿನ ಅಂಟಿನಲ್ಲಿ ಬೆರೆಸಿದರೆ ಚಿತ್ರಕಾರರ ‘ಇಂಡಿಯನ್ ಇಂಕು’. ಅದು ಒಣಗಿದ ಮೇಲೆ ನೀರಿಗೆ ಅಳುಕದು, ಬಿಸಿಲಿಗೆ ಮಾಸದು. ಫೌಂಟನ್ ಪೆನ್ನಿನ ಸಾಮಾನ್ಯ ಶಾಯಿ ಈ ಜಾತಿಯದಲ್ಲ. ಅದು ನೀರಿನಲ್ಲಿ ಕರಗಿಸಿದ ಬಣ್ಣ. ಅದರಿಂದ ಬಿಡಿಸಿದ ಕೊಕ್ಕರೆಯ ಮೇಲೆ ಒಂದು ಹನಿ ಮಳೆ ಬಿದ್ದರೆ ಕೊಕ್ಕರೆಯೂ ಕೆರೆಯೂ ಏಕವಾಗುತ್ತವೆ. ಹಾಗೆಂದು ಅರಗಿನ ಮಸಿಯನ್ನು ಫೌಂಟನ್ ಪೆನ್ನಿಗೆ ತುಂಬುವುದೂ ವಿವೇಕವಲ್ಲ. ಅದು ಕೊಳವೆಯೊಳಗೇ ಒಣಗಿ ಪೆನ್ನಿನ ಗಂಟಲನ್ನು ಶಾಶ್ವತವಾಗಿ ಕಟ್ಟಿಬಿಡುತ್ತದೆ. ಅದಕ್ಕೆ ತಕ್ಕುದು ಅದ್ದಿ ಬರೆಯುವ ನಿಬ್ಬು.

ನಿಬ್ಬಿನ ತುದಿ ಎರಡಾಗಿ ಸೀಳಿರುತ್ತದಷ್ಟೆ. ಒತ್ತಿದರೆ ಸೀಳು ಅಗಲವಾಗಿ ಗೆರೆ ದಪ್ಪವಾಗುತ್ತದೆ. ಹಗುರವಾಗಿ ಹಿಡಿದರೆ ಕೂದಲೆಳೆಯಾಗುತ್ತದೆ. ಅದನ್ನು ತನ್ನತ್ತ ಎಳೆದರೆ ವಿಧೇಯವಾಗಿ ನಡೆಯುತ್ತದೆ. ಮುಂದಕ್ಕೆ ದೂಡಿದರೆ ಕಾಗದದ ನಾರಿಗೆ ಸಿಕ್ಕಿ ಮಸಿಯನ್ನು ಸಿಡಿಸುತ್ತದೆ. ಆದ್ದರಿಂದ ನುರಿತವನು ಮಣಿಕಟ್ಟನ್ನು ತಿರುಚುವುದಿಲ್ಲ, ಕಾಗದವನ್ನೇ ತಿರುಗಿಸಿಕೊಳ್ಳುತ್ತಾನೆ. ಉದ್ದನೆಯ ಗೆರೆಯನ್ನು ಬೆರಳಿನಿಂದಲ್ಲ, ಭುಜದಿಂದ ಎಳೆಯುತ್ತಾನೆ. ಈಚಿನ ಹವ್ಯಾಸಿಗಳು ಹೆಚ್ಚಾಗಿ ಬಳಸುವುದು ಸೂಜಿಮೊನೆಯ ಪೆನ್ನುಗಳನ್ನು. ಜಪಾನಿನ ಸಕುರಾ ಸಂಸ್ಥೆ 1982ರಲ್ಲಿ ‘ಪಿಗ್ಮಾ’ ಎಂಬ ನೀರಿಗೆ ಕದಡದ ಶಾಯಿಯನ್ನು ರೂಪಿಸಿದ ಮೇಲೆ ಈ ಬಗೆಯ ಪೆನ್ನುಗಳು ಮಿಲಿಮೀಟರಿನ ಐದನೆಯ ಒಂದು ಭಾಗದಷ್ಟು ಸಣ್ಣ ಗೆರೆಯಿಂದ ತೊಡಗಿ ನಾನಾ ಗಾತ್ರಗಳಲ್ಲಿ ದೊರೆಯತೊಡಗಿದುವು. ಅವು ಕೈಗೆ ಸುಲಭ. ಆದರೆ ನಿಬ್ಬಿನ ಗೆರೆಯಲ್ಲಿರುವ ಉಬ್ಬುತಗ್ಗು ಅವುಗಳಲ್ಲಿ ಬಾರದು.

ಗೆರೆಯ ಮಹಿಮೆಯನ್ನು ಕನ್ನಡದ ಓದುಗರಿಗೆ ತೋರಿಸಿಕೊಟ್ಟವರಲ್ಲಿ ಮೈಸೂರಿನ ಆರ್.ಕೆ. ಲಕ್ಷ್ಮಣರು ಅಗ್ರಗಣ್ಯರು. 1921ರಲ್ಲಿ ಹುಟ್ಟಿದ ಅವರು ಬಾಲ್ಯದಲ್ಲಿ ಮನೆಯ ನೆಲ, ಗೋಡೆ, ಬಾಗಿಲುಗಳನ್ನೇ ಹಾಳೆಯಾಗಿಸಿಕೊಂಡಿದ್ದರು. ಕಿಟಕಿಯಾಚೆಯ ಒಣರೆಂಬೆ, ಸೌದೆ ಒಡೆಯುವ ಆಳು, ಮಾಡಿನ ಮೇಲೆ ಕುಳಿತ ಕಾಗೆ ಇವೇ ಅವರ ಪಾಠಗಳು. ಮುಂಬಯಿಯ ಹೆಸರಾಂತ ಕಲಾಶಾಲೆ ಅವರಿಗೆ ಪ್ರವೇಶವನ್ನು ನಿರಾಕರಿಸಿತು. ಡಾಕ್ಟರ್ ಎಂ. ಶಿವರಾಂ 1942ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ‘ಕೊರವಂಜಿ’ ಹಾಸ್ಯಪತ್ರಿಕೆ ಮಾತ್ರ ಆ ತರುಣನ ಚಿತ್ರಗಳನ್ನು ಆದರದಿಂದ ಅಚ್ಚುಹಾಕಿತು. ಕೊಡೆಯೊಂದು, ಚೌಕಳಿಯ ಕೋಟೊಂದು, ತಲೆಯ ಹಿಂಬದಿಯಲ್ಲಿ ನಾಲ್ಕು ಕೂದಲು—ಇಷ್ಟರಲ್ಲಿಯೇ ಮುಂದೆ ಅವರು ಈ ದೇಶದ ಶ್ರೀಸಾಮಾನ್ಯನನ್ನು ನಿಲ್ಲಿಸಿದರು. ಇನ್ನು ಉಡುಪಿಯ ಕಡೆಯಿಂದ ಬಂದ ಕೆ.ಕೆ. ಹೆಬ್ಬಾರರು ಲಯವನ್ನು ಅರಿಯುವುದಕ್ಕಾಗಿ ಕಥಕ್ ನೃತ್ಯವನ್ನೇ ಕಲಿತವರು. ಅವರ ರೇಖಾಚಿತ್ರಗಳ ಪುಸ್ತಕಕ್ಕೆ ‘ಹಾಡುವ ಗೆರೆ’ ಎಂಬರ್ಥದ ಇಂಗ್ಲಿಷ್ ಹೆಸರು ಬಂದದ್ದು ಸಹಜವೇ. ಗೆರೆ ನೇರವಾಗಿರುವುದಕ್ಕಿಂತ ಜೀವಂತವಾಗಿರುವುದು ಮುಖ್ಯವೆಂಬುದನ್ನು ಇಬ್ಬರ ಚಿತ್ರಗಳೂ ಹೇಳುತ್ತವೆ.

ಗೆರೆಯ ಕೆಲಸ ಮುಗಿದ ಮೇಲೆ ಬಣ್ಣದ ಸರದಿ. ಇಲ್ಲಿ ಕೆಡುವುದು ಹೆಚ್ಚಾಗಿ ಆತುರದಿಂದ. ಸೀಸದಕಡ್ಡಿಯಲ್ಲಿ ನಸುವಾಗಿ ಬರೆದು, ಅದರ ಮೇಲೆ ಮಸಿಯ ಗೆರೆಯೆಳೆದು, ಮಸಿ ಪೂರ್ತಿ ಒಣಗಿದ ಮೇಲೆ ಸೀಸದ ಗುರುತನ್ನು ಅಳಿಸಿ, ಅನಂತರ ಬಣ್ಣ ತುಂಬುವುದು ಸರಿಯಾದ ಕ್ರಮ. ಬೆರಳಿಗೆ ಒಣಗಿದಂತೆ ತೋರುವ ಮಸಿ ಒಳಗಿನ್ನೂ ಹಸಿಯಾಗಿರಬಹುದು. ರಬ್ಬರು ತಾಗಿದೊಡನೆ ಕೊಕ್ಕರೆಗೆ ಮೀಸೆ ಮೂಡುತ್ತದೆ. ಮಳೆಗಾಲದಲ್ಲಿ ಕಾಯುವ ಹೊತ್ತು ಇನ್ನೂ ಹೆಚ್ಚು. ಒಂದು ಲೋಟ ಕಾಫಿ ಕುಡಿದು ಬರುವಷ್ಟಾದರೂ ವ್ಯವಧಾನ ಬೇಕು.

ನಾರಿನ ಮೊನೆಯ ಪೆನ್ನನ್ನು ಜಪಾನಿನ ಯುಕಿಯೊ ಹೊರಿಯೆ 1962ರಲ್ಲಿ ನಿರ್ಮಿಸಿದರು. ಮಕ್ಕಳ ಸ್ಕೆಚ್ ಪೆನ್ನು ಆ ವಂಶದ್ದೇ. ಅದರ ಬಣ್ಣ ನೀರಿನಲ್ಲಿ ಕರಗಿದ್ದು. ಒಂದೇ ಜಾಗದಲ್ಲಿ ನಾಲ್ಕು ಸಾರಿ ಉಜ್ಜಿದರೆ ಕಾಗದದ ಸಿಪ್ಪೆ ಏಳುತ್ತದೆ. ಚಿತ್ರಕಾರರು ಮೆಚ್ಚುವ ಮಾರ್ಕರ್ ಪೆನ್ನುಗಳಲ್ಲಿ ಬಣ್ಣವನ್ನು ಮದ್ಯಸಾರದಲ್ಲಿ ಕರಗಿಸಿರುತ್ತಾರೆ. ಅದು ಕ್ಷಣದಲ್ಲಿ ಆರಿಹೋಗುತ್ತದೆ. ಈ ಗುಣವೇ ಅದರ ತೊಡಕೂ ಹೌದು. ಆಕಾಶಕ್ಕೆ ನೀಲಿ ತುಂಬುವಾಗ ಒಂದು ಪಟ್ಟಿಯ ಅಂಚು ಆರುವ ಮುನ್ನವೇ ಮುಂದಿನ ಪಟ್ಟಿಯನ್ನು ಸೇರಿಸಿದರೆ ಎರಡೂ ಬೆರೆತು ನಯವಾಗುತ್ತವೆ. ನಡುವೆ ಯಾರೋ ಬಾಗಿಲು ತಟ್ಟಿದರೆಂದು ಎದ್ದುಹೋದರೆ ಆಕಾಶದಲ್ಲಿ ಜಮಖಾನೆಯ ಪಟ್ಟೆಗಳು ಉಳಿಯುತ್ತವೆ. ಮಸಿಗೆ ಕಾಯಬೇಕು, ಮಾರ್ಕರಿಗೆ ಕಾಯಕೂಡದು. ಈ ಎರಡು ಬಗೆಯ ಕಾಲಜ್ಞಾನವೂ ಒಂದೇ ಕೈಗೆ ಬೇಕು.

ಇನ್ನೂ ಕೆಲವು ಎಚ್ಚರಗಳುಂಟು. ಮಾರ್ಕರಿನ ಬಣ್ಣ ಗಾಜಿನಂತೆ ಪಾರದರ್ಶಕವಾದುದರಿಂದ ತಿಳಿಯಿಂದ ಗಾಢಕ್ಕೆ ಸಾಗಬೇಕು. ಗಾಢವನ್ನು ಬಳಿದ ಮೇಲೆ ಅದನ್ನು ತಿಳಿಯಾಗಿಸುವುದು ಕಷ್ಟ. ಬಿಳಿಯೆಂಬುದು ಕಾಗದವೇ, ಕೊಕ್ಕರೆ ಬೆಳ್ಳಗಿರಬೇಕಾದರೆ ಅದನ್ನು ಮುಟ್ಟದೆ ಬಿಡಬೇಕು. ಬಣ್ಣ ಹಾಳೆಯ ಬೆನ್ನಿಗೂ ಇಳಿಯುವುದರಿಂದ ಅಡಿಯಲ್ಲಿ ರದ್ದಿಕಾಗದವೊಂದನ್ನು ಇಡದಿದ್ದರೆ ಹಿಂದಿನ ವಾರದ ಚಿತ್ರವೂ ಹಾಳಾಗುತ್ತದೆ. ಗೆರೆಯೆಳೆದ ಪೆನ್ನಿನ ಶಾಯಿ ಮದ್ಯಸಾರಕ್ಕೆ ಕರಗುವಂಥದಾಗಿದ್ದರೆ ಮಾರ್ಕರ್ ತಾಗಿದೊಡನೆ ಕಪ್ಪು ಹರಿದು ಮಸುಕಾಗುತ್ತದೆ. ಹಾಳೆಯ ಮೂಲೆಯಲ್ಲಿ ಮೊದಲು ಪರೀಕ್ಷಿಸಿ ನೋಡುವುದು ಲೇಸು. ಕಡೆಯದಾಗಿ, ಈ ಬಣ್ಣಗಳು ಬಿಸಿಲನ್ನು ತಾಳವು. ನಡುಮನೆಯ ಪಶ್ಚಿಮದ ಗೋಡೆಯಲ್ಲಿ ಚೌಕಟ್ಟು ಹಾಕಿ ತೂಗುಹಾಕಿದ ಚಿತ್ರದಲ್ಲಿ ಕೆಲವು ಬೇಸಗೆಗಳು ಕಳೆದ ಮೇಲೆ ಕೆಂಪು ಸೊರಗಿ, ಕಾಡಿಗೆಯ ಗೆರೆ ಮಾತ್ರ ಹೊಸದಾಗಿ ನಿಂತಿರುತ್ತದೆ.

ಮೂರನೆಯ ವಿದ್ಯೆ ಅಚ್ಚೊತ್ತುವುದು. ಕಚೇರಿಯ ಠಸ್ಸೆಯನ್ನು ಕಂಡು ಬೇಸತ್ತವನಿಗೂ ಇದರಲ್ಲಿ ವಿನೋದವುಂಟು. ಬೆಂಡೆಕಾಯನ್ನು ಅಡ್ಡಲಾಗಿ ಕತ್ತರಿಸಿ ಬಣ್ಣದಲ್ಲಿ ಅದ್ದಿ ಒತ್ತಿದರೆ ಹೂವಿನಂಥ ಅಚ್ಚು ಬೀಳುವುದನ್ನು ಮಕ್ಕಳೆಲ್ಲರೂ ಬಲ್ಲರು. ಹವ್ಯಾಸಿ ಮಾಡುವುದೂ ಅದನ್ನೇ. ಬೆಂಡೆಯ ಬದಲು ರಬ್ಬರು. ಎಲೆ, ಮೀನು, ಹಕ್ಕಿ ಏನನ್ನಾದರೂ ಅದರ ಮೇಲೆ ಕೆತ್ತಬಹುದು. ಅಕ್ಷರದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು: ‘ಅ’ಕಾರವನ್ನು ಇದ್ದಂತೆಯೇ ಕೆತ್ತಿದರೆ ಕಾಗದದ ಮೇಲೆ ಮೂಡುವುದು ಕನ್ನಡಿಯೊಳಗಿನ ‘ಅ’ಕಾರ. ತೆಳುಕಾಗದದ ಮೇಲೆ ಮೆತ್ತನೆಯ ಸೀಸದಲ್ಲಿ ಬರೆದು, ಅದನ್ನು ರಬ್ಬರಿನ ಮೇಲೆ ಬೋರಲು ಹಾಕಿ ಉಜ್ಜಿದರೆ ಅಕ್ಷರ ತಾನಾಗಿಯೇ ತಿರುವುಮುರುವಾಗಿ ಇಳಿಯುತ್ತದೆ. ಆಮೇಲೆ ಅದರಂತೆ ಕೆತ್ತಿದರಾಯಿತು. ಒತ್ತುವಾಗ ಹಾಳೆಯಡಿ ನಾಲ್ಕಾರು ವೃತ್ತಪತ್ರಿಕೆಗಳ ಮೆತ್ತೆಯಿರಲಿ. ಗೋಪೀಚಂದನದ ಮುದ್ರೆಯನ್ನು ಹಚ್ಚಿಕೊಳ್ಳುವವರಿಗೆ ಇದರ ಗುಟ್ಟು ಆಗಲೇ ತಿಳಿದಿದೆ: ಚಂದನ ನೀರಾದರೆ ಶಂಖಚಕ್ರಗಳು ಕದಡುತ್ತವೆ, ಗಟ್ಟಿಯಾದರೆ ಅರ್ಧವಷ್ಟೇ ಮೂಡುತ್ತವೆ, ನೇರವಾಗಿ ಒತ್ತಿ ನೇರವಾಗಿಯೇ ಎತ್ತಬೇಕು.

ಸ್ವಾರಸ್ಯವೆಂದರೆ, ಅಳಿಸುವುದಕ್ಕೆಂದೇ ಹುಟ್ಟಿದ ರಬ್ಬರು ಇಲ್ಲಿ ಅಳಿಯದ ಗುರುತನ್ನು ಒತ್ತುವ ಸಾಧನವಾಗುತ್ತದೆ. ಕೆಟ್ಟ ಚಿತ್ರದ ಮೂಲೆಯಲ್ಲಿ ಬಿದ್ದ ಮಸಿಯ ಹನಿಯ ಮೇಲೆ ಎಲೆಯ ಅಚ್ಚೊಂದನ್ನು ಒತ್ತಿ ಮಾನ ಉಳಿಸಿಕೊಂಡವರು ಅನೇಕರು.

ಇದನ್ನೆಲ್ಲ ಕಲಿಯುವುದಕ್ಕೆ ಕಲಾಶಾಲೆಯನ್ನೇ ಸೇರಬೇಕೆಂದಿಲ್ಲ. ‘ಚಂದಮಾಮ’ದ ಚಿತ್ರಗಳಿಂದ ಮನೆಮನೆಗೂ ಪರಿಚಿತರಾದ ಎಂ.ಟಿ.ವಿ. ಆಚಾರ್ಯರು ಬೆಂಗಳೂರಿನಲ್ಲಿ ಆಚಾರ್ಯ ಚಿತ್ರಕಲಾ ಭವನವನ್ನು ಸ್ಥಾಪಿಸಿ ಅಂಚೆಯ ಮೂಲಕವೇ ಚಿತ್ರಪಾಠಗಳನ್ನು ಕಳುಹಿಸುತ್ತಿದ್ದರು. ಉದ್ಯೋಗವನ್ನೂ ಮನೆಯನ್ನೂ ಬಿಡಲಾಗದವರಿಗೂ ಕಲೆಯಲ್ಲಿ ಹಕ್ಕಿದೆಯೆಂಬುದನ್ನು ಅವರು ಬಹು ಹಿಂದೆಯೇ ಮನಗಂಡಿದ್ದರು.

ಇಷ್ಟಾದರೂ ‘ನನಗೆ ಚಿತ್ರ ಬಾರದು’ ಎನ್ನುವವರ ಸಂಖ್ಯೆಯೇ ದೊಡ್ಡದು. ಅವರಲ್ಲಿ ಅನೇಕರಿಗೆ ಚಿತ್ರ ಬಾರದಿರುವುದು ನಿಜವಲ್ಲ. ಎಂದೋ ಒಂದು ದಿನ ಗೆರೆಯೊಂದು ಕೆಟ್ಟಿತು, ಯಾರೋ ನಕ್ಕರು, ಅಲ್ಲಿಗೆ ಕೈ ನಿಂತಿತು. ಮನೆಯಲ್ಲಿ ತಾಯಂದಿರನ್ನು ಕೇಳಿದರೆ ಅವರೂ ಇದೇ ಉತ್ತರವನ್ನು ಕೊಡುತ್ತಾರೆ. ಆದರೆ ಬೆಳಗಾದರೆ ಅವರೇ ಬಾಗಿಲ ಮುಂದೆ ಚುಕ್ಕಿಯಿಟ್ಟು, ಎರಡು ಬೆರಳುಗಳ ನಡುವಿನಿಂದ ಪುಡಿಯನ್ನು ಜಾರಿಸುತ್ತ, ಹದಿನೈದು ಚುಕ್ಕಿಗಳ ಸುತ್ತ ಎಲ್ಲಿಯೂ ಕಡಿಯದ ಎಳೆಯನ್ನು ಸುತ್ತುತ್ತಾರೆ. ಎಳೆ ಎಲ್ಲಿಯಾದರೂ ಹಾದಿ ತಪ್ಪಿದರೆ ಅಳಿಸಿ ಮೊದಲಿನಿಂದ ತೊಡಗುವುದಿಲ್ಲ. ಅಲ್ಲೊಂದು ದಳವನ್ನು ಸೇರಿಸಿ ಮುಂದೆ ಸಾಗುತ್ತಾರೆ. ರವೀಂದ್ರರು ಹಸ್ತಪ್ರತಿಯಲ್ಲಿ ಮಾಡಿದ್ದೂ ಇದಕ್ಕಿಂತ ಬೇರೆಯಲ್ಲ. ಅಂಥ ಕೈಗಳಿಗೆ ಮನೆಯವರು ಒಮ್ಮೆ ಲೇಖನಿಯನ್ನೂ ಮಸಿಯನ್ನೂ ಒಪ್ಪಿಸಿ, ಮಧ್ಯಾಹ್ನದ ಒಂದು ಗಂಟೆಯ ಬಿಡುವನ್ನೂ ಒದಗಿಸಿ ನೋಡಬೇಕು. ಮೊದಲ ಹಾಳೆಯನ್ನು ಹರಿಯಲು ಮಾತ್ರ ಬಿಡಬಾರದು.