ಜೋಳಿಗೆಗೆ ಬಿದ್ದ ವ್ಯಸನ, ಆಸ್ಪತ್ರೆಗೆ ಹೋಗಬೇಕಾದ ದೇಹ

2025-26ನೇ ಸಾಲಿನ ರಾಜ್ಯ ಮುಂಗಡಪತ್ರವು ಅಬಕಾರಿಯಿಂದ 40,000 ಕೋಟಿ ರೂಪಾಯಿ ವರಮಾನದ ಗುರಿಯನ್ನು ಇರಿಸಿಕೊಂಡಿತು. 2007ರ ಜುಲೈ 1ರಿಂದ ಸಾರಾಯಿಯನ್ನು ನಿಷೇಧಿಸಿದ ರಾಜ್ಯವೇ ಇದು. ಸಾರಾಯಿ ಹೋಯಿತು, ಅಗ್ಗದ ಮದ್ಯದ ಪೊಟ್ಟಣ ಬಂದಿತು. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳು ಘಟಪ್ರಭೆ, ಹಿರಣ್ಯಕೇಶಿಯರ ನೀರುಂಡು ಕಬ್ಬು ಬೆಳೆಯುವ ನೆಲ. ಕಬ್ಬಿನ ಕಾಕಂಬಿಯಿಂದಲೇ ಮದ್ಯಸಾರ ಇಳಿಯುತ್ತದೆ. ರೈತನ ಬೆವರು ಹೀಗೆ ಸುತ್ತಿ ಬಳಸಿ ಅವನ ಮನೆಗೇ ವಿಷವಾಗಿ ಮರಳುತ್ತಿರುವಾಗ ಮಠಗಳು ಸುಮ್ಮನಿರಲಾಗದು.

ಸುಮ್ಮನಿರಲಿಲ್ಲ ಎಂಬುದಕ್ಕೆ ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳೇ ಸಾಕ್ಷಿ. 1975ರಲ್ಲಿ ಅವರು ಜೋಳಿಗೆ ಹಿಡಿದು ಊರೂರು ತಿರುಗಿ, ಕಾಳು ಕಡಿಗೆ ಬದಲಾಗಿ ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. 2018ರ ಮೇ 19ರಂದು ಪೂಜ್ಯರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಸರಕಾರವು ವ್ಯಸನಮುಕ್ತ ದಿನವಾಗಿ ಆಚರಿಸುತ್ತಿದೆ. (ಒಂದು ಕೈಯಲ್ಲಿ ಗುರಿ, ಇನ್ನೊಂದು ಕೈಯಲ್ಲಿ ಆಚರಣೆ!)

ಆದರೆ ಜೋಳಿಗೆಗೆ ಚಟವನ್ನು ಹಾಕಿದವನ ದೇಹದಲ್ಲಿ ಮುಂದೇನಾಗುತ್ತದೆ ಎಂಬುದನ್ನು ನಾವು ಸಾಕಷ್ಟು ವಿಚಾರಿಸುತ್ತಿಲ್ಲ. ಅತಿಯಾಗಿ ಕುಡಿಯುವವರ ಯಕೃತ್ತಿನಲ್ಲಿ ಮೊದಲು ಕೊಬ್ಬು ಸೇರುತ್ತದೆ. ಆಗ ನೋವಿಲ್ಲ, ಗುರುತೂ ಇಲ್ಲ. ಈ ಹಂತದಲ್ಲಿ ಕುಡಿತವನ್ನು ಪೂರ್ಣ ಬಿಟ್ಟರೆ ಕೆಲವೇ ವಾರಗಳಲ್ಲಿ ಆ ಕೊಬ್ಬು ಕರಗತೊಡಗುತ್ತದೆ. ಬಿಡದಿದ್ದರೆ ಕೆಲವರಲ್ಲಿ ಉರಿಯೂತ, ಆಮೇಲೆ ಗಾಯದ ಕಲೆಯಂತಹ ನಾರು, ಕೊನೆಗೆ ಇಡೀ ಅಂಗವೇ ಗಂಟುಗಟ್ಟುವ ಸಿರೋಸಿಸ್. ಕಣ್ಣು ಹಳದಿಯಾಗುವುದು, ಹೊಟ್ಟೆಯಲ್ಲಿ ನೀರು ತುಂಬುವುದು, ರಕ್ತವಾಂತಿ, ಬುದ್ಧಿ ಮಂಕಾಗುವುದು ತಡವಾಗಿ ಬರುವ ಲಕ್ಷಣಗಳು. ನಮ್ಮ ಕಡೆ ಕಣ್ಣು ಹಳದಿಯಾದೊಡನೆ ಕಾಮಣಿಯೆಂದು ನಾಟಿ ಔಷಧಿಗೆ ಓಡುವುದುಂಟು. ಅಷ್ಟರಲ್ಲಿ ಅಮೂಲ್ಯವಾದ ದಿನಗಳು ಕಳೆದುಹೋಗುತ್ತವೆ. ಕೆಲವು ಬೇರುಸೊಪ್ಪುಗಳು ಬೆಂದ ಯಕೃತ್ತನ್ನು ಮತ್ತಷ್ಟು ಬೇಯಿಸುತ್ತವೆ.

ಸಿರೋಸಿಸ್ ಆದ ಮೇಲೆ ಬಿಟ್ಟು ಪ್ರಯೋಜನವೇನು ಎಂದು ಕೇಳುವವರಿದ್ದಾರೆ. ಪ್ರಯೋಜನವಿದೆ. ಬಿದ್ದ ಕಲೆ ಬಹುಮಟ್ಟಿಗೆ ಉಳಿಯುತ್ತದೆ, ನಿಜ. ಆದರೂ ಮದ್ಯವನ್ನು ಸಂಪೂರ್ಣ ತೊರೆದವರಲ್ಲಿ ಹೊಟ್ಟೆಯ ನೀರು ಇಳಿದು, ಉಳಿದ ಯಕೃತ್ತು ಚೇತರಿಸಿ, ಆಯುಷ್ಯ ಹೆಚ್ಚುವುದನ್ನು ವೈದ್ಯರು ಕಂಡಿದ್ದಾರೆ. ಎಲ್ಲರಿಗೂ ಈ ಭಾಗ್ಯವಿಲ್ಲ. ಬಿಡದವರಿಗಂತೂ ಇಲ್ಲವೇ ಇಲ್ಲ.

ಇಲ್ಲಿ ಭಕ್ತರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ವರ್ಷಗಟ್ಟಲೆ ದಿನವೂ ಕುಡಿದವನು ಗದ್ದುಗೆಯ ಮುಂದೆ ಆಣೆ ಮಾಡಿ ಒಂದೇ ದಿನದಲ್ಲಿ ನಿಲ್ಲಿಸಿದಾಗ ಕೈನಡುಕ, ಮೂರ್ಛೆ, ಎರಡು ಮೂರು ದಿನಗಳಲ್ಲಿ ಭ್ರಮೆಯ ಬಡಬಡಿಕೆ ಬರಬಹುದು. ಅದು ಪ್ರಾಣಕ್ಕೂ ಎರವಾಗಬಹುದು. ಇದನ್ನು ದೆವ್ವವೆಂದೋ ಆಣೆಯ ಶಾಪವೆಂದೋ ತಿಳಿಯುವುದು ಮೌಢ್ಯ. ಅಂಥವನನ್ನು ಸಂಕಲ್ಪದ ದಿನವೇ ತಾಲೂಕು ಆಸ್ಪತ್ರೆಗೆ, ಅಗತ್ಯವಿದ್ದರೆ ಬೆಳಗಾವಿಯ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಲ್ಲಿಗೆ ಕರೆದೊಯ್ಯಬೇಕು.

ಆಣೆ ಮುರಿದವನ ಪಾಡು ಇನ್ನೂ ಕಷ್ಟದ್ದು. ನಾಚಿಕೆಯಿಂದ ಅವನು ಮಠದ ಮೆಟ್ಟಿಲನ್ನೇ ಹತ್ತುವುದಿಲ್ಲ. ವ್ಯಸನವು ಮರುಕಳಿಸುವ ರೋಗವೆಂದು ವೈದ್ಯಶಾಸ್ತ್ರ ಹೇಳುತ್ತದೆ. ಕ್ಷಯ ಮರುಕಳಿಸಿದವನನ್ನು ನಾವು ಹೊರಗಿಡುತ್ತೇವೆಯೇ? ಅವನು ಎರಡನೆಯ ಸಲವೂ ಮೂರನೆಯ ಸಲವೂ ಬರಲಿ, ದಾಸೋಹದ ಪಂಕ್ತಿಯಲ್ಲಿ ಕೂರಲಿ. ಜೋಳಿಗೆ ಹೊರಡುವ ಊರಿಗೆ ವೈದ್ಯರೊಬ್ಬರು ಜೊತೆಗೆ ಬರುವಂತೆ ಆಯಾ ಊರಿನ ಸದ್ಭಕ್ತರು ಮುಂಚಿತವಾಗಿಯೇ ಗೊತ್ತುಮಾಡುವುದು ಒಳ್ಳೆಯದು. ವ್ಯಸನಮುಕ್ತಿಯ ರಾಷ್ಟ್ರೀಯ ಉಚಿತ ಸಹಾಯವಾಣಿ 14446ನ್ನು ಮಠದ ಬಾಗಿಲಲ್ಲಿ ಬರೆಸಿದರೆ, ಒಳಗೆ ಬರಲು ನಾಚುವವರಿಗೂ ಕಾಣುತ್ತದೆ.